ತಾರವ್ವನ ಬಾಯಲ್ಲಿದ್ದ ಹರಳು

ಬೀಸುವ ಕಲ್ಲು ವರ್ಷಕ್ಕೊಮ್ಮೆ ಮಾತ್ರ ಮೂಲೆ ಬಿಟ್ಟು ನಡುಮನೆಗೆ ಬರುತ್ತಿದ್ದ ಕಾಲ ಅದು. ನಮ್ಮ ಮುಡಬಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ಜೋಳ, ಗೋಧಿ, ಕಡಲೆ ಎಲ್ಲ ಡಬ್ಬಿಯಲ್ಲಿ ಹೋಗಿ ಬಿಸಿಬಿಸಿ ಹಿಟ್ಟಾಗಿ ವಾಪಸು ಬರುತ್ತಿದ್ದವು. ಆದರೆ ನಾಗರ ಪಂಚಮಿಯ ಅಳ್ಳಿಟ್ಟನ್ನು ಗಿರಣಿಗೆ ಕಳಿಸುವ ಮಾತೇ ಇರಲಿಲ್ಲ. ಜೋಳವನ್ನು ಕಾದ ಹಂಚಿನ ಮೇಲೆ ಅರಳಿಸಿ, ಆ ಬೆಳ್ಳನೆಯ ಅಳ್ಳನ್ನು ಮನೆಯ ಕಲ್ಲಿನಲ್ಲೇ ಬೀಸಬೇಕು. ಹಂಚಿನಿಂದ ಸಿಡಿದು ಹೊರಗೆ ಬಿದ್ದ ಅಳ್ಳು ಮಕ್ಕಳ ಪಾಲು. ಶ್ರಾವಣದ ಜಡಿಮಳೆ, ಹೊಗೆ, ಬೆಲ್ಲದ ಪಾಕ, ಹುರಿದ ಜೋಳದ ವಾಸನೆ ಎಲ್ಲ ಸೇರಿ ನಮ್ಮ ಮನೆ ಆ ನಾಲ್ಕು ದಿನ ಬೇರೆಯೇ ಮನೆಯಾಗುತ್ತಿತ್ತು.

ಬೀಸುವಾಗ ಆಯಿ ಹಾಡುತ್ತಿದ್ದಳು. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಗಿಡ್ಡ ದೇಹ, ದೊಡ್ಡ ದನಿ. ಅವಳಿಗೆ ಎಷ್ಟೋ ಹಾಡು ಬರುತ್ತಿದ್ದವು, ಆದರೆ ಪಂಚಮಿಗೆ ಒಂದೇ ಹಾಡು, ತಾರವ್ವನದು.

ತಾರವ್ವ ಅಣ್ಣನಿಗೆ ಒಬ್ಬಳೇ ತಂಗಿ. ಅವಳು ಹಾಡಿದರೆ ಹೊಲದಲ್ಲಿ ಕಳೆ ತೆಗೆಯುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಅಂಥವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟರು. ಅತ್ತೆ ಮೊದಲ ದಿನವೇ ಸೊಸೆಯ ಹಾಡು ಕೇಳಿ, ಹೊಳೆಯಿಂದ ಒಂದು ಬಿಳಿ ಹರಳು ತಂದು ಅವಳ ಬಾಯಲ್ಲಿಟ್ಟಳು. ಈ ಹೊಸ್ತಿಲೊಳಗೆ ಇರುವತನಕ ಇದನ್ನು ಉಗುಳಬಾರದು, ನುಂಗಲೂಬಾರದು ಎಂದು ಆಣೆ ಹಾಕಿದಳು. ತಾರವ್ವ ಹರಳು ಬಾಯಲ್ಲಿಟ್ಟುಕೊಂಡೇ ರೊಟ್ಟಿ ತಟ್ಟಿದಳು, ನೀರು ತಂದಳು, ಒಂದು ವರ್ಷ ಕಳೆದಳು. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಉಂಡಿಯ ಗಂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ.

ಒಂದು ಕೂಗ ಕೂಗ್ಯಾನ, ಓಣೆಲ್ಲ ಕೇಳ್ಯಾದ,
ಎರಡು ಕೂಗ ಕೂಗ್ಯಾನ, ಎತ್ತೆಲ್ಲ ತಿರುಗ್ಯಾವ,
ಮೂರನೇ ಕೂಗಿಗೆ ತಾರವ್ವ ಎದ್ದಾಳ…

ಅಷ್ಟೇ. ಅಲ್ಲಿಗೆ ಆಯಿ ನಿಲ್ಲಿಸಿ, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಅಳ್ಳು ಹಾಕಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ತಾರವ್ವ ಹರಳು ಉಗುಳಿ ಅಣ್ಣನಿಗೆ ಓಗೊಟ್ಟಳೋ, ಸುಮ್ಮನೆ ನಿಂತಳೋ, ಅಣ್ಣ ತಿರುಗಿ ಹೋದನೋ? ನಾನು ಪ್ರತಿ ವರ್ಷ ಕೇಳುತ್ತಿದ್ದೆ. ಪ್ರತಿ ವರ್ಷ ಒಂದೇ ಉತ್ತರ ಬರುತ್ತಿತ್ತು.

“ಲಗ್ನ ಆಗಲಿ, ಹೇಳ್ತೀನಿ.”

ಅದು ಆಯಿಯ ತವರಿನ ಪದ್ಧತಿ. ಹಾಡಿನ ಕೊನೆಯನ್ನು ಕೇಳುವ ಹಕ್ಕು ಮನೆಯ ಮಗಳಿಗೆ ಮಾತ್ರ, ಅದೂ ಮದುವೆಯಾಗಿ ಮೊದಲ ಪಂಚಮಿಗೆ ತವರಿಗೆ ಬಂದಾಗ. ದೊಡ್ಡವಳು ಕಲ್ಲಿನ ಒಂದು ಕಡೆ, ಮಗಳು ಇನ್ನೊಂದು ಕಡೆ, ಇಬ್ಬರೂ ಒಂದೇ ಗೂಟ ಹಿಡಿದು ತಿರುಗಿಸುತ್ತಾ ಹೇಳಬೇಕು, ಕೇಳಬೇಕು. ಮದುವೆಯಾಗದವರು ಆಗ ಮನೆಯಲ್ಲಿರಕೂಡದು. ಆಯಿ ತನ್ನ ತಾಯಿಯಿಂದ ಹಾಗೆ ಕೇಳಿ ಬಂದವಳು. ಆದರೆ ಅವಳಿಗೆ ಹುಟ್ಟಿದ್ದು ಮೂವರೂ ಗಂಡುಮಕ್ಕಳು. ಹೇಳಲು ಮಗಳಿಲ್ಲದೆ ಆ ಕೊನೆ ಅವಳೊಳಗೇ ಉಳಿದಿತ್ತು. ನಮ್ಮ ಅವ್ವ ನಿರ್ಣಾ ಊರಿನವಳು, ಸೊಸೆ. ಅವಳಿಗೆ ಹಕ್ಕಿರಲಿಲ್ಲ.

“ನಮ್ಮ ನಿರ್ಣಾದಾಗ ಈ ಹಾಡೇ ಇಲ್ಲ್ರಿ,” ಎಂದು ಅವ್ವ ಆಯಿಯನ್ನು ಕೆಣಕುತ್ತಿದ್ದಳು. “ಸೊಸಿ ಬಾಯಾಗ ಹರಳ ಇಡೋ ಅತ್ತಿ ನಮ್ಮ ಕಡಿ ಎಲ್ಲಿ ಬರಬೇಕ್ರಿ?”

“ನಿನ್ನ ಬಾಯಿಗಿ ಒಂದು ಹರಳು ಸಾಲ್ತದೇನು? ಒಂದು ಬುಟ್ಟಿ ಬೇಕು,” ಎಂದು ಆಯಿ ನಗುತ್ತಿದ್ದಳು.

ಹೀಗಾಗಿ ಆಯಿ ಕಾಯುತ್ತಿದ್ದದ್ದು ನಮ್ಮ ಅಕ್ಕ ಸವಿತಾಳ ಮದುವೆಗೆ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ದಿನಾ ಬಸ್ಸಿಗೆ ಹೋಗಿ ಬಸವಕಲ್ಯಾಣದಲ್ಲಿ ಬಿ.ಎ. ಓದುತ್ತಿದ್ದಳು. ನಾನು ಎಂಟನೆಯ ತರಗತಿ. ಹಾಡಿನ ಕೊನೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದಲ್ಲ ಎಂಬ ಹೊಟ್ಟೆಕಿಚ್ಚು ನನಗೆ ಆಗಲೇ ಶುರುವಾಗಿತ್ತು.

ಆ ವರ್ಷ ಚಳಿಗಾಲದಲ್ಲಿ ಅಕ್ಕನಿಗೆ ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಒಂದು ದಪ್ಪ ಪುಸ್ತಕ ಬಹುಮಾನ ಬಂತು. ಮುಖಪುಟದಲ್ಲಿ ಕುದುರೆಯ ಮೇಲೆ ಒಬ್ಬ ಹುಡುಗಿ, ಬಿಚ್ಚಿದ ಕೂದಲು, ಬಾಯಿಂದ ನೀಲಿ ಬೆಳಕು. ಪುಸ್ತಕದ ಬೆನ್ನ ಮೇಲೆ ‘ಹರೆಯದ ಓದುಗರಿಗಾಗಿ’ ಎಂದು ಅಚ್ಚಾಗಿತ್ತು. ನನಗೆ ಹರೆಯ ಇನ್ನೂ ಬಂದಿರಲಿಲ್ಲ, ಅಕ್ಕನಿಗೆ ಮುಗಿಯುತ್ತಾ ಬಂದಿತ್ತು. ಆದರೂ ಇಬ್ಬರೂ ಒಂದೇ ಕೌದಿಯಲ್ಲಿ ಕಾಲು ತೂರಿಸಿ ಓದಲು ಕೂತೆವು. ಒಳಗೆ ಮೊದಲ ಪುಟದಲ್ಲೇ ಒಂದು ನಕ್ಷೆ. ಕಪ್ಪು ಕೋಟೆ, ಮಾತಿಲ್ಲದ ಕಾಡು, ಏಳು ಮಡಿಕೆಯ ಹೊಳೆ. ಗಡಿ ಸೀಮೆಯ ಹೆಂಗಸರು ಹಾಡುವ ಒಂದು ಹಳೆಯ ಕಥನಗೀತೆಯಿಂದ ಈ ಕಾದಂಬರಿ ಹುಟ್ಟಿತು ಎಂದು ಬರೆದವರು ಅಡಿಯಲ್ಲಿ ಹೇಳಿದ್ದರು. ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನಾನು ಪುಟದ ಮೇಲೆ ಬೆರಳಿಟ್ಟೆ. ಹುಡುಗಿಯ ಬಾಯಲ್ಲಿ ಒಂದು ಬಿಳಿ ಕಲ್ಲು ಇತ್ತು.

“ಅಕ್ಕಾ, ಇದು ನಮ್ಮ ಆಯಿ ಹಾಡು!”

“ತಡಿ, ಮುಂದ ಓದೋಣು,” ಎಂದಳು ಅಕ್ಕ.

ನಮ್ಮದೇ, ಆದರೆ ನಮ್ಮದಲ್ಲ. ಅದೇ ನನ್ನ ಗೊಂದಲದ ಮೂಲ. ಪುಸ್ತಕದಲ್ಲಿ ಅವಳು ತಾರವ್ವ ಅಲ್ಲ, ತಾರಾ. ಕಣ್ಣು ಹಸಿರು. ನಮ್ಮ ಊರಲ್ಲಿ ಹಸಿರು ಕಣ್ಣಿದ್ದದ್ದು ಒಂದು ಬೆಕ್ಕಿಗೆ ಮಾತ್ರ. ಅತ್ತೆ ಅಲ್ಲಿ ಮಂತ್ರಗಾತಿ ರಾಣಿಯಾಗಿದ್ದಳು. ತಾರಾಳ ಕುದುರೆ ಮಾತಾಡುತ್ತಿತ್ತು, ಅದೂ ಎಂಥ ಮಾತು! ‘ಓ ಸಖಿ, ಚಿಂತಿಸದಿರು’ ಎನ್ನುತ್ತಿತ್ತು. ನಮ್ಮ ಕಡೆಯ ಕುದುರೆಯಾಗಿದ್ದರೆ ‘ಯಾಕ ಮಾರಿ ಸಣ್ಣ ಮಾಡೀದಿ?’ ಎಂದು ಕೇಳುತ್ತಿತ್ತು. ಉಂಡಿಯ ಗಂಟು ತಂದ ಅಣ್ಣ ಅಲ್ಲಿರಲಿಲ್ಲ. ಅವನ ಜಾಗದಲ್ಲಿ ಮುಖವಾಡ ತೊಟ್ಟ ಒಬ್ಬ ಹುಡುಗನಿದ್ದ. ಅವನು ಬರುವ ಪುಟಗಳನ್ನು ಅಕ್ಕ ಎರಡೆರಡು ಸಲ ಓದುತ್ತಿದ್ದಳು, ಜೋರಾಗಿ ಓದು ಎಂದರೆ ಸಿಟ್ಟಾಗುತ್ತಿದ್ದಳು.

ಕೊನೆಯಲ್ಲಿ ಆ ಹುಡುಗ ಕೋಟೆಯ ಬಾಗಿಲಲ್ಲಿ ಮೂರು ಸಲ ಕೂಗಿದ. ಮೂರನೆಯ ಕೂಗಿಗೆ ತಾರಾ ಕಲ್ಲನ್ನು ಉಗುಳಿದಳು. ಕಲ್ಲು ಒಡೆದು, ಅವಳಿಗಿಂತ ಮೊದಲು ಆ ಮನೆಗೆ ಬಂದಿದ್ದ ಎಲ್ಲ ಸೊಸೆಯಂದಿರ ದನಿ ಅದರೊಳಗಿಂದ ಎದ್ದಿತು. ಗೋಡೆ ಬಿತ್ತು. ಅವಳು ಹಾಡುತ್ತಾ ಹೊಳೆ ದಾಟಿದಳು.

ಪುಸ್ತಕ ಮುಚ್ಚಿದ್ದೇ ನಾನು ಆಯಿಯ ಹತ್ತಿರ ಓಡಿದೆ. ಅವಳು ತೊಗರಿಬೇಳೆ ಕೇರುತ್ತಿದ್ದಳು.

“ಆಯೀ, ಹಾಡಿನ ಕೊನಿ ನಂಗ ಗೊತ್ತಾತು!”

ಮೊರ ನಿಂತಿತು. “ಯಾರು ಹೇಳಿದ್ರು?”

“ಅಕ್ಕನ ಕಿತಾಬಿನಾಗ ಅದ.”

“ಹಂಗಾರ ಬರದಾಕಿದು ಲಗ್ನ ಆಗಿರಬೇಕು.”

“ಬರದವರು ಗಂಡಸರು, ಆಯಿ.”

ಆಯಿ ಒಂದು ಗಳಿಗೆ ನನ್ನನ್ನು ನೋಡಿದಳು. “ಅವನಿಗೇನು ಗೊತ್ತು?” ಎಂದು ಮತ್ತೆ ಕೇರಲು ಶುರುಮಾಡಿದಳು. ಕೊನೆ ಏನೆಂದು ಕೇಳಲೇ ಇಲ್ಲ. ನನಗೆ ಅವಮಾನವಾಯಿತು.

ಆಮೇಲೆ ಶಾಲೆಯಿಂದ ನಮ್ಮನ್ನು ಬಸವಕಲ್ಯಾಣದ ಕೋಟೆ ನೋಡಲು ಕರೆದುಕೊಂಡು ಹೋದರು. ಅಲ್ಲಿಂದ ನಾರಾಯಣಪುರದ ಹಳೆಯ ಶಿವನ ಗುಡಿಗೂ ಹೋದೆವು. ಕೋಟೆಯಲ್ಲಿ ನಾನು ತಾರಾ ನಿಂತಿದ್ದ ಬಾಗಿಲು ಯಾವುದಿರಬಹುದು ಎಂದು ಹುಡುಕಿದೆ. ಎಲ್ಲ ಬಾಗಿಲೂ ಅದರಂತೆಯೇ ಕಂಡವು. ಗುಡಿಯ ಹೊರಗೋಡೆಯಲ್ಲಿ ಒಬ್ಬ ಕಲ್ಲಿನ ಹೆಂಗಸು ನಿಂತಿದ್ದಳು. ಮುಖ ಸವೆದಿತ್ತು, ಒಂದು ಕೆನ್ನೆ ಮಾತ್ರ ಉಬ್ಬಿದಂತೆ ಉಳಿದಿತ್ತು. ಇವಳೇ ತಾರವ್ವ ಎಂದು ಗೆಳತಿಯರಿಗೆ ಹೇಳಿದೆ. ಅವಳು ಕನ್ನಡಿ ನೋಡಿಕೊಳ್ಳುವ ನರ್ತಕಿ ಎಂದರು ಗುರುಗಳು. ಕನ್ನಡಿ ಎಲ್ಲಿದೆ ಸರ್ ಎಂದೆ. ಒಡೆದು ಹೋಗಿದೆ ಎಂದರು. ಅಂದರೆ ಹಾಡಿನವಳೊಬ್ಬಳು, ಪುಸ್ತಕದವಳೊಬ್ಬಳು, ಕಲ್ಲಿನವಳೊಬ್ಬಳು. ಯಾರು ಖರೇ, ಯಾರು ಸುಳ್ಳು ಎಂದು ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು. ಆಯಿಯನ್ನು ಕೇಳಿದರೆ, “ಇದ್ದಿರಬಹುದು,” ಎಂದಳು. ಯಾರ ಬಗ್ಗೆ ಕೇಳಿದರೂ ಅದೇ ಮಾತು.

ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಹುಡುಗ ಹುಮನಾಬಾದಿನವನು, ಬಜಾರಿನಲ್ಲಿ ಕಿರಾಣಿ ಅಂಗಡಿ. ಅಕ್ಕನ ಕೊನೆಯ ಪರೀಕ್ಷೆ ಆ ವರ್ಷ ಮುಂದೆ ಹೋಗಿ ಶ್ರಾವಣಕ್ಕೆ ಬಿದ್ದಿತ್ತು. “ಪರೀಕ್ಷಾ ಬರಸ್ತೇವ್ರಿ, ಚಿಂತಿ ಬ್ಯಾಡ,” ಎಂದು ಅವರ ಮನೆಯವರು ಎಲ್ಲರೆದುರು ಮಾತು ಕೊಟ್ಟಿದ್ದರು. ಆ ಒಂದು ಮಾತಿನ ಮೇಲೆಯೇ ಅಕ್ಕ ಹೂಂ ಅಂದಿದ್ದು. ಹೊರಡುವಾಗ ಪುಸ್ತಕವನ್ನು ನನ್ನ ಕೈಯಲ್ಲಿಟ್ಟು, “ನೀ ಇಟ್ಕೋ, ಅಲ್ಲಿ ಓದಾಕ ಆಗಲ್ಲ,” ಎಂದಳು. ನಾನು ಗೋಳೋ ಎಂದು ಅತ್ತೆ.

ಒಂದೂವರೆ ತಿಂಗಳಾದ ಮೇಲೆ ಕಾಲೇಜಿನಿಂದ ಅಕ್ಕನ ಹಾಲ್ ಟಿಕೆಟ್ ಬಂತು. ಅದನ್ನು ಕೊಡಲು ಅಪ್ಪ ಹುಮನಾಬಾದಿಗೆ ಹೊರಟ. ನಾನೂ ಬೆನ್ನು ಹತ್ತಿದೆ. ಅಕ್ಕನ ಮನೆಯಲ್ಲಿ ನಮ್ಮನ್ನು ಚೆನ್ನಾಗಿಯೇ ಕೂರಿಸಿದರು, ಚಹಾ ಕೊಟ್ಟರು. ಆದರೆ ಮಾತೆಲ್ಲ ಅಕ್ಕನ ಅತ್ತೆಯದೇ. ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ.

“ಆರಾಮ ಇದ್ದೀಯೇನವ್ವ?” ಎಂದು ಅಪ್ಪ ಅಕ್ಕನನ್ನು ಕೇಳಿದ.

“ಆರಾಮ ಅದಾಳ್ರಿ,” ಎಂದರು ಅತ್ತೆ.

“ಓದಾಕತ್ತೀಯೇನು?”

“ಮನಿ ಕೆಲಸದಾಗ ಟೈಮ್ ಎಲ್ಲಿ ಸಿಗ್ತದ್ರಿ ಅಕಿಗಿ?” ಎಂದರು ಅತ್ತೆಯೇ.

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಆಗ ಕಂಡಿತು. ಅವಳ ಎಡಗೆನ್ನೆ ಉಬ್ಬಿತ್ತು. ಒಳಗೆ ಏನೋ ಇಟ್ಟುಕೊಂಡು ತುಟಿ ಬಿಗಿದಿದ್ದಳು. ಹಾಡೋ ಪುಸ್ತಕವೋ ಗೊತ್ತಿಲ್ಲ, ನಾನು ಎದ್ದು ನಿಂತು ಕಿರುಚಿದೆ.

“ಅಕ್ಕಾ, ಉಗುಳು! ಜಲ್ದಿ ಉಗುಳು! ಅಪ್ಪಾ, ಅಕಿ ಬಾಯಾಗ ಹರಳು ಇಟ್ಟಾರ!”

ಅಪ್ಪನ ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು. ಅಕ್ಕ ಗಾಬರಿಯಾಗಿ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿದಳು. ಎರಡು ಲವಂಗ.

“ಹಲ್ಲ್ ನೋವು,” ಎಂದಳು ಮೆಲ್ಲಗೆ. “ಎಂಟು ದಿನ ಆತು.”

ಅತ್ತೆಯ ಮುಖ ಕೆಂಪಾಯಿತು. “ಎಂಟು ದಿನಾ? ನಂಗ್ಯಾಕ ಹೇಳಲಿಲ್ಲ? ನಾ ಏನ್ ಹುಲಿ ಇದ್ದೇನೇನು?” ಎಂದು ಅಕ್ಕನನ್ನು ಕೇಳಿದರು. ಅಕ್ಕ ನೆಲ ನೋಡಿದಳು. ಅವರು ಅಪ್ಪನ ಕಡೆ ತಿರುಗಿದರು. “ಬೀಗರ, ಸೊಸಿ ಬಾಯಾಗ ಹರಳ ಇಡೋ ಮಂದಿ ಅಂತ ತಿಳದೀರೇನ್ರಿ ನಮಗ? ಮಕ್ಕಳಿಗಿ ಹಿಂಥಾವೇ ಕಲಸೀರೇನು?”

ಅಪ್ಪ ಕೈ ಮುಗಿದ. ಹುಡುಗಿ, ತಿಳಿಯದು ಎಂದ. ಹಾಲ್ ಟಿಕೆಟ್ ತೆಗೆದುಕೊಟ್ಟ. ಅತ್ತೆ ಅದನ್ನು ನೋಡಲೂ ಇಲ್ಲ, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, “ನೋಡೋಣು,” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕಿಟಕಿಯಾಚೆ ನೋಡುತ್ತಾ, “ಅಕಿ ಪರೀಕ್ಷಾ ಹೋತು ಪುಷ್ಪಾ,” ಎಂದ. ಅಕ್ಕನ ಮೂರು ವರ್ಷದ ಓದನ್ನು ನಾನೇ ಹಾಳುಮಾಡಿದೆ ಎಂದು ಅಂದಿನಿಂದ ನನಗೆ ಊಟ ಸೇರಲಿಲ್ಲ. ಮನೆಗೆ ಬಂದು ಆ ಪುಸ್ತಕವನ್ನು ಅಟ್ಟದ ಮೇಲೆ ಎಸೆದೆ.

ಪಂಚಮಿಗೆ ಅಕ್ಕನನ್ನು ಕಳಿಸಿದರು. ಐದೇ ದಿನಕ್ಕೆ. ಹಾಲ್ ಟಿಕೆಟ್ ಕಳಿಸಲಿಲ್ಲ. ಪರೀಕ್ಷೆಗೆ ಇನ್ನು ಹತ್ತು ದಿನವಿತ್ತು. ಅಕ್ಕ ಜೋಕಾಲಿ ಹತ್ತಿದರೂ ಜೀಕಲಿಲ್ಲ, ಗೆಳತಿಯರು ಕೊಬ್ಬರಿ ಬಟ್ಟಲು ಆಡಲು ಕರೆದರೂ ಹೋಗಲಿಲ್ಲ. “ಸಿಟ್ಟಾಗೀಯೇನಕ್ಕ?” ಎಂದು ಕೇಳಿದೆ. “ಇಲ್ಲ. ಹಲ್ಲ್ ನೋವು ಹೋತು. ಮರುದಿನಾನೇ ದವಾಖಾನಿಗಿ ಕರಕೊಂಡು ಹೋದ್ರು,” ಎಂದಳು. ಯಾರು ಎಂದು ಕೇಳಿದರೆ ಅತ್ತೆ ಎಂದಳು. ಇದು ನನಗೆ ಮತ್ತೂ ತಿಳಿಯದೇ ಹೋಯಿತು. ಪುಸ್ತಕದ ರಾಣಿ ಯಾರನ್ನೂ ದವಾಖಾನೆಗೆ ಕರೆದೊಯ್ದಿರಲಿಲ್ಲ.

ಹಬ್ಬದ ಹಿಂದಿನ ದಿನ ಆಯಿ ಕಲ್ಲು ತೊಳೆದು, ಕುಂಕುಮ ಹಚ್ಚಿ, ನಡುಮನೆಗೆ ತಂದಳು. ಹೊಸ ಸೀರೆ ಉಟ್ಟಿದ್ದಳು. ತನ್ನ ಮದುವೆಯಾದಾಗಿನಿಂದ ಅವಳು ಕಾದ ದಿನವಲ್ಲವೇ ಅದು! ಅವ್ವನನ್ನು ಪಕ್ಕದ ಮನೆಗೆ ಕಳಿಸಿದಳು. ನನ್ನ ಕೈಗೆ ಎರಡು ಕೊಡ ಕೊಟ್ಟಳು.

“ಹೋಗು, ನೀರು ತಗೊಂಡು ಬಾ. ನಿಧಾನ ಬಾ.”

ನಾನು ನಿಧಾನ ಮಾಡುವ ಹುಡುಗಿಯೇ? ಖಾಲಿ ಕೊಡಗಳನ್ನು ಹಿತ್ತಿಲಲ್ಲಿಟ್ಟು, ಹಿಂಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಕಲ್ಲು ಗರಗರ ತಿರುಗುತ್ತಿತ್ತು. ಆಯಿಯ ದನಿ ಕೇಳಿತು. ಒಂದು ಕೂಗು, ಎರಡು ಕೂಗು, ಮೂರನೇ ಕೂಗು. ಕಲ್ಲು ನಿಂತಿತು. ಆಮೇಲೆ ಕೇಳಿದ್ದು ಆಯಿಯ ದನಿಯಲ್ಲ, ಅಕ್ಕನ ದನಿ. ಹಾಡೂ ಅಲ್ಲ, ಮಾತು. ಏನೆಂದು ಕೇಳಿಸಲಿಲ್ಲ. ಅವಳು ಹೇಳುತ್ತಲೇ ಇದ್ದಳು, ನಡುವೆ ಒಮ್ಮೆ ಅತ್ತಂತೆಯೂ ಇತ್ತು. ಮತ್ತೆ ಕಲ್ಲು ತಿರುಗಿತು.

ನಾನು ಒಳಗೆ ಹೋದಾಗ ಇಬ್ಬರೂ ಹಿಟ್ಟು ಬಾಚುತ್ತಿದ್ದರು. ಆಯಿಯ ಹೊಸ ಸೀರೆಯ ಮೇಲೆಲ್ಲ ಬಿಳಿ ಹಿಟ್ಟು. ನಾನು ಅಕ್ಕನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ.

“ಕೊನಿ ಏನದ? ಹೇಳಕ್ಕ, ಯಾರಿಗೂ ಹೇಳಂಗಿಲ್ಲ.”

“ಕಿತಾಬಿನಾಗ ಇದ್ದಂಗೇ ಅದ,” ಎಂದಳು.

“ಖರೇ? ಉಗುಳಿದಳಾ?”

“ಉಗುಳಿದಳು.”

ನಂಬಲೋ ಬಿಡಲೋ? ಆಯಿ ತನ್ನ ತಾಯಿಯಿಂದ ಕೇಳಿದ ಹಾಡು, ಎಲ್ಲೋ ಕೂತು ಬರೆದ ಗಂಡಸಿನ ಪುಸ್ತಕದಂತೆ ಹೇಗೆ ಮುಗಿಯುತ್ತದೆ? ಮುಗಿದರೆ ಆಯಿ ಹಾಡಬೇಕಿತ್ತಲ್ಲ, ಅಕ್ಕ ಯಾಕೆ ಮಾತಾಡಿದಳು? ಕದ್ದು ಕೇಳಿದ್ದರಿಂದ ಇದನ್ನೆಲ್ಲ ಕೇಳುವಂತೆಯೂ ಇರಲಿಲ್ಲ.

ಐದನೆಯ ದಿನ ಅಕ್ಕನ ಗಂಡ ಕರೆಯಲು ಬಂದ. ನಾನು ಅವನನ್ನು ಮಾಮಾ ಅನ್ನುತ್ತಿದ್ದೆ. ಮೃದು ಮನುಷ್ಯ, ತಾಯಿಗೆ ಅಂಜುವವನು. ಅಕ್ಕ ಚೀಲ ಕಟ್ಟಿಕೊಂಡು ಒಳಗೆ ಕೂತಿದ್ದಳು. ಆಯಿ ಅವನಿಗೆ ತಾಟು ತುಂಬ ಉಂಡಿ ಕೊಟ್ಟು, ತಾನು ಹೊಸ್ತಿಲ ಮೇಲೆ ಕೂತಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಜೀವಮಾನವೆಲ್ಲ ನಮ್ಮನ್ನು ಬೈದವಳು.

“ಅಳಿಯಂದ್ರೇ, ಸವಿತಾಗ ಈಗ ಕಳಸಾಕ ಬರಂಗಿಲ್ಲ.”

ಮಾಮಾನ ಬಾಯಲ್ಲಿ ಉಂಡಿ ಹಾಗೇ ನಿಂತಿತು. “ಯಾಕ್ರಿ ಆಯಿ?”

“ನಮ್ಮ ಮನಿ ಪದ್ಧತಿ ಅದ. ಮೊದಲ ಪಂಚಮಿಗಿ ಬಂದ ಮಗಳು ಹಾಡು ಮುಗಿಯೋತನಕ ಹೋಗಂಗಿಲ್ಲ. ಹಾಡು ಇನ್ನಾ ಮುಗದಿಲ್ಲ.”

ಅಂಥ ಪದ್ಧತಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಾಡು ಮುಗಿದಿದೆ ಎಂದು ಅಕ್ಕನೇ ಹೇಳಿದ್ದಳು. “ಆಯಿ, ಅಕ್ಕ…” ಎಂದು ಬಾಯಿ ತೆರೆದೆ. ಅವ್ವ ನನ್ನ ತೊಡೆ ಹಿಂಡಿದಳು.

“ಎಷ್ಟು ದಿನ ಬೇಕ್ರಿ?” ಎಂದ ಮಾಮಾ.

“ಪರೀಕ್ಷಾ ಮುಗಿಯೋತನಕ ಬೇಕಾಗ್ತದ. ಆ ಕಾಗದ ನಿಮ್ಮ ಮನಿಯಾಗ ಅದ. ನಾಳಿಗಿ ತಂದು ಕೊಡ್ರಿ.”

“ಅವ್ವಗ ಏನಂತ ಹೇಳಲಿ?”

“ತಾರವ್ವನ ಹಾಡು ಮುಗದಿಲ್ಲ ಅಂತ ಹೇಳ್ರಿ. ಅಕಿನೂ ಒಂದು ಮನಿ ಮಗಳೇ ಅದಾಳ. ಗೊತ್ತಾಗ್ತದ.”

ಮಾಮಾ ಎದ್ದು ಹೋದ. ಸಂಬಂಧ ಮುರಿಯಿತು ಎಂದು ಅವ್ವ ಅಡುಗೆಮನೆಯಲ್ಲಿ ಕೂತು ಅತ್ತಳು. ಮರುದಿನ ಮಧ್ಯಾಹ್ನದ ಬಸ್ಸಿಗೆ ಮಾಮಾ ಹಾಲ್ ಟಿಕೆಟ್ ಹಿಡಿದು ಬಂದ. ಅಕ್ಕ ಅದನ್ನು ಎರಡೂ ಕೈಯಿಂದ ಇಸಿದುಕೊಂಡಳು.

“ಕ್ಯಾಲೆಂಡರ್ ಹಿಂದಿಂದ ನೀವೇ ತಗದ್ರೇನು?” ಎಂದು ಕೇಳಿದಳು.

“ಇಲ್ಲ,” ಎಂದ ಮಾಮಾ. “ಹಾಡಿನ ಮಾತು ಹೇಳ್ದೆ. ಅವ್ವ ಭಾಳ ಹೊತ್ತು ಸುಮ್ಮ ಕುಂತಳು. ಆಮ್ಯಾಲ ಅಕಿನೇ ತಗದು ಕೊಟ್ಟಳು.”

ಅಕ್ಕ ಬಸವಕಲ್ಯಾಣಕ್ಕೆ ಹೋಗಿ ಪರೀಕ್ಷೆ ಬರೆದಳು. ಮುಗಿದ ದಿನವೇ ತಾನಾಗಿ ಚೀಲ ಹಿಡಿದು ಹುಮನಾಬಾದಿನ ಬಸ್ಸು ಹತ್ತಿದಳು. ಅವಳ ಅತ್ತೆ ಒಂದು ವರ್ಷ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ ಅಕ್ಕ ಶಾಲೆಯಲ್ಲಿ ಪಾಠ ಹೇಳಲು ಹೋದಾಗ ಮಗುವನ್ನು ನೋಡಿಕೊಂಡವರೂ ಅವರೇ. ಇವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಈಗ ಮುಡಬಿಯ ನಮ್ಮ ಮನೆಯಲ್ಲಿ ಅಳ್ಳಿಟ್ಟು ಪಾಕೀಟಿನಲ್ಲಿ ಬರುತ್ತದೆ. ಅದನ್ನು ಮಾಮಾನ ಅಂಗಡಿಯಿಂದಲೇ ತರುತ್ತೇವೆ. ಮನೆಗೆ ಹೊಸ ಮೆಟ್ಟಿಲು ಕಟ್ಟುವಾಗ ಬೀಸುವ ಕಲ್ಲನ್ನು ಗೌಂಡಿಗಳು ಅಡಿಯಲ್ಲಿ ಹಾಕಿಬಿಟ್ಟರು. ಆಯಿ ಹೋಗಿ ಹನ್ನೊಂದು ವರ್ಷವಾಯಿತು. ನಾನು ಮದುವೆಯಾಗಿಲ್ಲ. ಇಪ್ಪತ್ತೆಂಟು ದಾಟಿದೆ, ಬಸವಕಲ್ಯಾಣದಲ್ಲಿ ಕೆಲಸ ಮಾಡುತ್ತೇನೆ. ನನಗೆ ಕೊನೆ ಹೇಳದೆಯೇ ಆಯಿ ಹೋದಳು ಎಂಬ ಕೊರಗು ಇದ್ದೇ ಇತ್ತು. ಆದರೆ ಅಕ್ಕನಿಗಾದರೂ ಗೊತ್ತಿದೆ, ಎಂದಾದರೂ ಬಾಯಿ ಬಿಡಿಸಬಹುದು ಎಂಬ ಧೈರ್ಯವೂ ಇತ್ತು.

ಕಳೆದ ಪಂಚಮಿಗೆ ಹುಮನಾಬಾದಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ಒಂಬತ್ತು ವರ್ಷ. ಅವಳು ಅಡುಗೆಮನೆಯಲ್ಲಿ ಕೂತು ತಾರವ್ವನ ಕಥೆ ಹೇಳಿದಳು. ಕುದುರೆ ಹೀಗೆಂದಿತು, ಕಲ್ಲು ಹೀಗೆ ಒಡೆಯಿತು, ಗೋಡೆ ಹೀಗೆ ಬಿತ್ತು ಎಂದು ಕೈ ಬೀಸಿ ಹೇಳಿದಳು.

“ಇದು ಯಾರ ಕಥಿ?” ಎಂದೆ.

“ಮುಡಬಿ ಆಯೀದು,” ಎಂದಳು ಹುಡುಗಿ. ಅವಳ ಪಾಲಿಗೆ ಆಯಿಯ ಹಾಡಿನಲ್ಲಿ ಮೊದಲಿನಿಂದಲೂ ಮಾತಾಡುವ ಕುದುರೆ ಇತ್ತು.

ಅವಳು ಆಡಲು ಹೋದ ಮೇಲೆ ನಾನು ಅಕ್ಕನನ್ನು ಹಿಡಿದೆ. “ಈಗರೆ ಖರೇ ಹೇಳಕ್ಕ. ಆಯಿ ಆವತ್ತು ಏನು ಹಾಡಿದಳು?”

ಅಕ್ಕ ಉಂಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಏನೂ ಹಾಡಲಿಲ್ಲ,” ಎಂದಳು.

“ಅಂದ್ರ?”

“ಮೂರನೇ ಕೂಗಿಗಿ ಕಲ್ಲು ನಿಲ್ಲಿಸಿದಳು. ನನ್ನ ಮಾರಿ ನೋಡಿದಳು. ‘ನಿನ್ನ ಕಿತಾಬಿನಾಗ ಹ್ಯಾಂಗ ಅದ ಹೇಳು’ ಅಂದಳು. ನಾ ಎಲ್ಲಾ ಹೇಳ್ದೆ. ‘ಉಗುಳಿದಳಾ?’ ಅಂತ ಎರಡು ಸಲ ಕೇಳಿದಳು. ಉಗುಳಿದಳು ಆಯಿ ಅಂದೆ. ‘ಹಂಗಾರ ಹಂಗೇ ಇರಲಿ. ನಮ್ಮದು ನಿಂಗ ಬ್ಯಾಡ’ ಅಂದಳು.”

ತಾನು ಮದುವೆಯಾದಾಗಿನಿಂದ ಒಬ್ಬ ಮಗಳಿಗಾಗಿ ಕಾದು, ಹೊಸ ಸೀರೆ ಉಟ್ಟು, ಕಲ್ಲಿಗೆ ಕುಂಕುಮ ಹಚ್ಚಿ ಕೂತವಳು, ತನ್ನ ತಾಯಿ ಕೊಟ್ಟದ್ದನ್ನು ಕೊಡದೇ ಎದ್ದಿದ್ದಳು. ನನಗೆ ಆಯಿಯ ಮೇಲೆ ಸಿಟ್ಟು ಬಂತು. ಅವಳನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರು ನಿಂತಿತು. ನಾವು ಕಳೆದುಕೊಂಡದ್ದು ಎಷ್ಟು ದೊಡ್ಡದು, ಎಷ್ಟು ಕೆಟ್ಟದ್ದು, ಯಾರಿಗೂ ಗೊತ್ತಿಲ್ಲ. ಅದನ್ನು ಬಲ್ಲವಳು ಅದನ್ನು ಬಾಯಲ್ಲೇ ಇಟ್ಟುಕೊಂಡು ಹೋದಳು.

“ನಿಂಗ ಬೇಕಿತ್ತೇನು ಆ ಕೊನಿ?” ಎಂದು ಅಕ್ಕ ಕೇಳಿದಳು.

ಹೊರಕೋಣೆಯಲ್ಲಿ ಅಕ್ಕನ ಅತ್ತೆ ಟೀವಿ ನೋಡುತ್ತಾ ಕೂತಿದ್ದರು. ಮಂಡಿ ಹೋಗಿದೆ, ಕಿವಿ ಚುರುಕಾಗಿಯೇ ಇದೆ. ಹಾಡಿನ ಮಾತು ಕೇಳಿ ಹಾಲ್ ಟಿಕೆಟ್ ತೆಗೆದುಕೊಟ್ಟವರು ಅವರೇ ಅಲ್ಲವೇ? ಯಾವುದೋ ಕಲ್ಲಿನ ಮುಂದೆ ಕೂತು ಅವರೂ ಆ ಕೊನೆಯನ್ನು ಕೇಳಿರಬೇಕು. ನಾನು ಎದ್ದು ಬಾಗಿಲ ತನಕ ಹೋದೆ.

“ಏನವ್ವ ಪುಷ್ಪಾ?” ಎಂದರು.

“ಏನಿಲ್ಲ್ರಿ. ಚಹಾ ಮಾಡ್ಲೇನ್ರಿ?” ಎಂದೆ.

ಅವರು ಟೀವಿಯ ಸದ್ದು ಪೂರ್ತಿ ಕಡಿಮೆ ಮಾಡಿದರು. ನನ್ನ ಮುಖವನ್ನೇ ನೋಡುತ್ತಾ, ನಾನು ಇನ್ನೊಂದು ಮಾತು ಕೇಳುತ್ತೇನೆ ಎಂದು ಕಾಯುವವರಂತೆ ಕೂತರು. ನಾನು ಚಹಾಕ್ಕೆ ನೀರಿಡಲು ಒಳಗೆ ಬಂದೆ.